ಯಾರಿಗೆ ಈ ಕಂಬಳಿ?

2023ರ ಶ್ರಾವಣ. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ವೆಬ್‌ಸೈಟ್ ಮಾಡಿಕೊಡುವ ಆಫೀಸು ನಡೆಸುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಅದಕ್ಕೂ ಮೊದಲು ಹನ್ನೆರಡು ವರ್ಷ ಒಂದು ಛಾಪಖಾನೆಯಲ್ಲಿ ಲಗ್ನಪತ್ರಿಕೆಗಳ ಅಕ್ಷರ ಜೋಡಿಸುತ್ತಿದ್ದೆ. ನಮ್ಮ ಊರಿನ ಲಗ್ನಪತ್ರಿಕೆ ಅಂದರೆ ಗಂಡಿನ ಕಡೆಯವರಿಗೆ ಮರಾಠಿ, ಹೆಣ್ಣಿನ ಕಡೆಯವರಿಗೆ ಕನ್ನಡ, ನೇಕಾರ ಓಣಿಯ ಗೆಳೆಯರಿಗೆ ತೆಲುಗು. ಲಗ್ನಪತ್ರಿಕೆಗಳೆಲ್ಲ ಮೊಬೈಲಿಗೆ ಹೋದವು. ಅವುಗಳ ಬೆನ್ನಿಗೇ ನಾನೂ ಹೋದೆ.

ನನ್ನ ಬಾಯಿ ಜೋರು ಎಂದು ಗಿರಾಕಿಗಳು ಹೇಳುತ್ತಾರೆ. ಸುಳ್ಳಲ್ಲ. ಹೆಸರನ್ನು ಇನ್ನಷ್ಟು ದೊಡ್ಡ ಅಕ್ಷರದಲ್ಲಿ ಹಾಕಿ ಎಂದು ಹಟ ಹಿಡಿದ ಒಬ್ಬ ಬಟ್ಟೆ ವ್ಯಾಪಾರಿಗೆ, ಬಾಗಿಲಿಗಿಂತ ಬೋರ್ಡು ದೊಡ್ಡದಾದರೆ ಜನ ಒಳಗೆ ಬರುವುದು ಎಲ್ಲಿಂದ ಎಂದು ಕೇಳಿದವಳು ನಾನು. ವೆಬ್‌ಸೈಟ್ ಕೆಲಸದಲ್ಲಿ ಕೆಲವು ನಿಯಮಗಳಿವೆ, ಅವನ್ನು ನಾನು ದೇವರ ಕೋಣೆಯ ಮಡಿಯ ಹಾಗೆ ಪಾಲಿಸುತ್ತಿದ್ದೆ. ಬಂದವರು ಮೂರು ಸಲ ಒತ್ತುವುದರೊಳಗೆ ಬೇಕಾದದ್ದು ಸಿಗಬೇಕು. ಅವರಿಂದ ಹೆಚ್ಚು ಬರೆಸಬಾರದು. ತುಂಬಿಸುವ ಚೌಕ ಒಂದು ಹೆಚ್ಚಾದರೆ ಒಬ್ಬ ಗಿರಾಕಿ ಕಡಿಮೆ. ಮೊದಲ ಪುಟ ತೆರೆದು ಏನನ್ನೂ ಮುಟ್ಟದೆ ಹೊರಟುಹೋಗುವುದಕ್ಕೆ ನಾವು ಬೌನ್ಸ್ ಅನ್ನುತ್ತೇವೆ. ನಿಂತು ಓದುವುದು, ಒತ್ತುವುದು, ಬರೆಯುವುದಕ್ಕೆ ಎಂಗೇಜ್‌ಮೆಂಟ್ ಅನ್ನುತ್ತೇವೆ. ಮೊದಲನೆಯದನ್ನು ಇಳಿಸಿ ಎರಡನೆಯದನ್ನು ಏರಿಸುವುದೇ ನನ್ನ ಹೊಟ್ಟೆಪಾಡು.

ಆ ಶ್ರಾವಣದ ಒಂದು ಮಧ್ಯಾಹ್ನ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಹೆಸರು ರೇಣುಕಾ. ಅಕ್ಕಲಕೋಟೆ ತಾಲೂಕಿನ ಕುರನೂರಿನ ಕುರುಬರ ಮನೆಯ ಸೊಸೆ. ಗಂಡ ಕುರಿ ಹಿಂಡಿನ ಜೊತೆ ತಿಂಗಳುಗಟ್ಟಲೆ ಹೊರಗಿರುವವನು. ಬಗಲಲ್ಲಿದ್ದ ಗಂಟು ಬಿಚ್ಚಿ ಕರೀ ಕಂಬಳಿಯೊಂದನ್ನು ನನ್ನ ಮೇಜಿನ ಮೇಲೆ ಹರಡಿದಳು. ಕೀಬೋರ್ಡು ಅದರ ಕೆಳಗೆ ಮುಚ್ಚಿಹೋಯಿತು.

"ನಮ್ಮ ಮಾವ ನೇಯ್ದದ್ದು ರೀ ಅಕ್ಕಾ. ಇದನ್ನ ಇಂಟರ್ನೆಟ್ಟಿನ್ಯಾಗ ಮಾರಬೇಕಂತ ಬಂದೀನಿ."

"ಇಂಥವು ಎಷ್ಟ ಅದಾವು?"

"ಐದ ರೀ."

ನನಗೆ ನಗು ಬಂತು. "ಐದ ಕಂಬಳಿಗಿ ವೆಬ್‌ಸೈಟಾ? ಸಂತ್ಯಾಗ ಕುಂತ್ರ ಒಂದ ಮುಂಜಾನಿಗೆ ಖಾಲಿ ಆಗತಾವು."

"ಮಾರೂದು ದೊಡ್ಡದಲ್ರಿ. ಮಾವ ಮಗ್ಗದಾಗ ಕುಂದ್ರಬೇಕು, ಅಷ್ಟ. ಅತ್ತಿ ಹೋಗಿ ಆರ ತಿಂಗಳಾತು. ಅವತ್ತಿಂದ ಮಗ್ಗ ಮುಟ್ಟಿಲ್ಲ. ಹೊರಗಿನ ಮಂದಿ ಕೇಳಾಕತ್ತಾರ ಅಂತ ಗೊತ್ತಾದ್ರ ಕುಂತಾರೇನೋ ಅಂತ ನನಗ ಆಸೆ."

ಹೇಳುವಾಗ ಅವಳು ನನ್ನನ್ನು ನೋಡುತ್ತಿರಲಿಲ್ಲ, ಕಂಬಳಿಯ ಅಂಚು ಸರಿಮಾಡುತ್ತಿದ್ದಳು. ಅತ್ತೆ ಭಾಗವ್ವ, ಮಾವ ಮಾಳಪ್ಪ. ನಲವತ್ತು ವರ್ಷ ಆಕೆ ನೂತಳು, ಆತ ನೇಯ್ದ. ಬೇರೆಯವರ ನೂಲು ಆ ಮಗ್ಗ ಹತ್ತಿದ್ದೇ ಇಲ್ಲ. ಆಕೆ ಹೋದ ಮೇಲೆ ಅಟ್ಟದ ಮೇಲೆ ಎರಡು ಚೀಲ ನೂಲು ಉಳಿದಿದೆ, ಅದನ್ನು ಮಾವ ಯಾರಿಗೂ ಮುಟ್ಟಗೊಡುವುದಿಲ್ಲ, ತಾನೂ ಮುಟ್ಟುವುದಿಲ್ಲ. ಊಟಕ್ಕೆ ಕರೆದರೆ ಬರುತ್ತಾರೆ, ಮಾತಾಡಿಸಿದರೆ ಹೂಂ ಅನ್ನುತ್ತಾರೆ. ಆಮೇಲೆ ಗೋಡೆಗೆ ಒರಗಿ ಕೂತುಬಿಡುತ್ತಾರೆ. "ಜಡ್ಡ ಇಲ್ಲ, ಜಾಪತ್ರಿ ಇಲ್ಲ. ಸುಮ್ಮ ಕುಂದರತಾರ ರೀ," ಅಂದಳು. ಸೊಸೆಯೊಬ್ಬಳು ಮಾವನ ಸಲುವಾಗಿ ಇಷ್ಟು ದೂರ ಬಸ್ಸು ಹತ್ತಿ ಬಂದದ್ದು ನನ್ನ ಮನಸ್ಸಿಗೆ ತಟ್ಟಿತು. ಆದರೆ ಒಪ್ಪಿಕೊಂಡಾಗ ನನ್ನ ತಲೆಯಲ್ಲಿದ್ದದ್ದು ಐದು ಕಂಬಳಿ ಮಾರುವ ಕೆಲಸ ಮಾತ್ರ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಫೋಟೋ ತೆಗೆಯಲು ಮುಂದಿನ ಭಾನುವಾರ ಕುರನೂರಿಗೆ ಹೋದೆ. ಬೋರಿ ನದಿಯ ಒಡ್ಡಿನ ಕಡೆಗೆ ಹೋಗುವ ದಾರಿಯಲ್ಲಿ, ಊರು ಇನ್ನೇನು ಮುಗಿಯಿತು ಅನ್ನುವಲ್ಲಿ ಅವರ ಮನೆ. ಪಡಸಾಲೆಯಲ್ಲೇ ಕುಣಿಮಗ್ಗ; ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೆಲದ ಮೇಲೇ ಕೂತು ನೇಯುವಂಥದ್ದು. ಕುಣಿಯ ಮೇಲೆ ಹಲಗೆ ಮುಚ್ಚಿ ಅದರ ಮೇಲೆ ಜೋಳದ ಡಬ್ಬಿ ಇಟ್ಟಿದ್ದರು. ಮಾಳಪ್ಪ ಎಪ್ಪತ್ತರ ಹತ್ತಿರದ ಎತ್ತರದ ಮನುಷ್ಯ, ದೊಡ್ಡ ಕೈಗಳು. ನಮಸ್ಕಾರ ಮಾಡಿದ, ಚಹಾ ಕುಡಿಸಿದ, ಅಷ್ಟಕ್ಕೆ ಮುಗಿಯಿತು. ಅವನನ್ನು ಮಾತಿಗೆಳೆಯಲು ನಾನೇ ಒಂದು ಕಂಬಳಿ ಎತ್ತಿಕೊಂಡು, "ಇದನ್ನ ನಾನ ತಗೋತೀನಿ ಕಾಕಾ," ಅಂದೆ.

"ಯಾರಿಗ್ರಿ?" ಅಂದ.

"ಯಾರಿಗಂತ ಏನಿಲ್ರಿ. ಚಂದ ಐತಿ ಅಂತ."

ಮಾಳಪ್ಪ ಎದ್ದು ಬಂದು ಕಂಬಳಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮಡಚಿ ಮತ್ತೆ ಮೂಲೆಯಲ್ಲಿಟ್ಟ. ಸಿಟ್ಟೇನಿಲ್ಲ, ನಡತೆಯಲ್ಲಿ ಒರಟೂ ಇಲ್ಲ. ನನಗೆ ಮಾತ್ರ ಕೈಯಲ್ಲಿದ್ದ ತುತ್ತು ಕಸಿದಂತಾಯಿತು. ರೇಣುಕಾ ಮುಜುಗರದಿಂದ ನಕ್ಕು, ಇದು ಅವರ ಮನೆಯ ರೀತಿ ಎಂದು ತಿಳಿಸಿದಳು. ಯಾರು ಹೊದೆಯುತ್ತಾರೆ ಎಂದು ಕೇಳದೆ ಮಾವ ಯಾರಿಗೂ ಕಂಬಳಿ ಕೊಟ್ಟಿಲ್ಲ. ಅವರ ಅಪ್ಪನೂ ಕೊಟ್ಟಿರಲಿಲ್ಲ. ಸಗಟು ವ್ಯಾಪಾರಿಗಳು ಬಂದರೆ ಯಾರಿಗೆ ಎಂದು ಹೇಳಲಾಗದೆ ಬರಿಗೈಯಲ್ಲಿ ಹೋಗುತ್ತಿದ್ದರಂತೆ.

"ವೆಬ್‌ಸೈಟಿನ್ಯಾಗೂ ಅದನ್ನ ಕೇಳಬೇಕ್ರಿ ಅಕ್ಕಾ," ಅಂದಳು.

ನಾನು ಅಲ್ಲೇ ಪಡಸಾಲೆಯಲ್ಲಿ ಕೂತು ಅವಳಿಗೆ ಪಾಠ ಮಾಡಿದೆ. ಅಂಗಡಿಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಯಾರಿಗೆ, ಏತಕ್ಕೆ ಎಂದು ಪೊಲೀಸರ ಹಾಗೆ ಕೇಳಿದರೆ ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಇಂಟರ್ನೆಟ್ಟಿನಲ್ಲಿ ಪಕ್ಕದ ಅಂಗಡಿ ಬೆರಳಿನಷ್ಟು ದೂರ. ಹೆಸರು, ವಿಳಾಸ, ಫೋನು, ಮುಗಿಯಿತು. ರೇಣುಕಾ ಹನ್ನೆರಡನೆಯ ಇಯತ್ತೆಯವರೆಗೆ ಮರಾಠಿಯಲ್ಲಿ ಓದಿದ ಜಾಣೆ. ನನ್ನ ಮಾತು ಅವಳಿಗೆ ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. ಆದರೂ ನೀವು ಬಲ್ಲವರು ಎಂದು ಸುಮ್ಮನಾದಳು. ಆ ಸುಮ್ಮನಾದದ್ದನ್ನು ನಾನು ಗೆಲುವು ಎಂದು ತಿಳಿದೆ.

ನವರಾತ್ರಿಗೆ ವೆಬ್‌ಸೈಟ್ ತೆರೆಯಿತು. ಬಿಳಿ ಹಿನ್ನೆಲೆಯಲ್ಲಿ ಕರೀ ಕಂಬಳಿ, ಮೂರು ಸಾಲು ಮಾತು, ಕೆಳಗೆ ಕೊಳ್ಳುವ ಕೆಂಪು ಬಟನ್ನು. ದೀಪಾವಳಿ ಕಳೆಯುವಷ್ಟರಲ್ಲಿ ನಾಲ್ಕು ಕಂಬಳಿ ಹೋದವು; ಮಾವನನ್ನು ಕೇಳದೆ ರೇಣುಕಾಳೇ ಅವನ್ನು ಕಟ್ಟಿ ಕಳಿಸಿದ್ದಳು. ಹೆಮ್ಮೆಯಿಂದ ಫೋನು ಮಾಡಿದೆ. ರೇಣುಕಾ ಸಂತೋಷಪಟ್ಟಳು, ಆದರೆ ಕೊನೆಗೆ ಸಣ್ಣ ದನಿಯಲ್ಲಿ, "ಮಾವ ಎಲ್ಲಿಗಿ ಹೋದವು ಅಂತ ಕೇಳಿದ್ರು ರೀ. ಪುಣೆ, ಮುಂಬೈ ಅಂದೆ. ಊರ ಅಲ್ಲ, ಯಾರಿಗಿ ಅಂದ್ರು. ನನಗ ಹೇಳಾಕ ಬರ್ಲಿಲ್ಲ," ಅಂದಳು. ಮಗ್ಗದ ಮೇಲಿನ ಜೋಳದ ಡಬ್ಬಿ ಇದ್ದಲ್ಲೇ ಇತ್ತು.

ಚಳಿ ಬಿದ್ದ ಮೇಲೆ ಪುಣೆಯ ಗಿರಾಕಿಯೊಬ್ಬರು ಒಂದು ಫೋಟೋ ಕಳಿಸಿದರು, ಜೊತೆಗೆ ಐದಕ್ಕೆ ಐದು ನಕ್ಷತ್ರ. ಫೋಟೋದಲ್ಲಿ ಅವರ ನಾಯಿ, ಬಂಗಾರದ ಬಣ್ಣದ ಮುದಿ ನಾಯಿ, ಮಾಳಪ್ಪನ ಕಂಬಳಿಯ ಮೇಲೆ ಸುರುಳಿ ಸುತ್ತಿ ಮಲಗಿತ್ತು. ನಮ್ಮ ವೃತ್ತಿಯಲ್ಲಿ ಒಂದು ಗುಟ್ಟಿದೆ: ಕೂಸು, ನಾಯಿ, ಮುದುಕಿ, ಈ ಮೂರರಲ್ಲಿ ಒಂದರ ಮುಖ ಕಂಡರೆ ಜನರ ಬೆರಳು ನಿಲ್ಲುತ್ತದೆ. ನಾನು ಹಿಂದೆಮುಂದೆ ನೋಡದೆ ಆ ಫೋಟೋವನ್ನು ಹೋಮ್ ಪೇಜಿನ ನೆತ್ತಿಗೆ ಏರಿಸಿದೆ. ಒಂದೇ ವಾರದಲ್ಲಿ ಹಿಂದೆಂದೂ ಬಾರದಷ್ಟು ಜನ ಬಂದರು. ನನ್ನ ಖುಷಿಗೆ ಮಿತಿಯಿರಲಿಲ್ಲ.

ಎಂಟನೆಯ ದಿನ ರೇಣುಕಾಳ ಫೋನು. "ಅಕ್ಕಾ, ಆ ಫೋಟೋ ಮಾವ ನೋಡ್ಯಾರ. ನಿಮ್ಮನ್ನ ಕರಕೊಂಡ ಬಾ ಅಂತ ಹೇಳ್ಯಾರ."

ಅವರಲ್ಲಿ ಕಂಬಳಿ ಅಂದರೆ ದೇವರ ಗದ್ದುಗೆಗೆ ಹಾಸುವ ವಸ್ತು, ಮದುಮಕ್ಕಳನ್ನು ಕೂಡ್ರಿಸುವ ವಸ್ತು. ಅವರ ಕುಲದೇವರು ಬೀರೋಬಾನ ಹೆಸರು ಹೇಳಿ ನೇಯ್ದದ್ದರ ಮೇಲೆ ನಾಯಿ ಮಲಗಿಸಿ ಅದನ್ನೇ ಜಾಹೀರಾತು ಮಾಡಿದ್ದೇನೆ! ಬಸ್ಸಿನಲ್ಲಿ ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತ ಹೋದೆ.

ಮಾಳಪ್ಪ ಸೊಸೆಯ ಮೊಬೈಲು ಹಿಡಿದು ಬಾಗಿಲಲ್ಲೇ ಕೂತಿದ್ದ. "ಬರ್ರಿ ತಂಗಿ," ಅಂದ. "ನಾಯಿ ಚೊಲೋ ಐತಿ."

"ತಪ್ಪಾತ್ರಿ ಕಾಕಾ. ಇವತ್ತ ಆ ಫೋಟೋ ತೆಗೀತೀನಿ."

"ಯಾಕ ತೆಗೀತೀರಿ? ನಾಯಿಗಿ ಥಂಡಿ ಆಗೂದಿಲ್ಲೇನು? ನಮ್ಮ ನಾಯಿಗೋಳು ಹುಟ್ಟಿದ್ದ ಕಂಬಳಿ ಮ್ಯಾಲ." ಮೊಬೈಲನ್ನು ನನ್ನ ಕಣ್ಣಿನ ಹತ್ತಿರ ತಂದ. "ಇಲ್ಲಿ ನೋಡ್ರಿ. ಅಂಚ ತೊಯ್ದೈತಿ. ಕಾಣತೈತಿಲ್ಲೋ? ನೆಕ್ಕಾಕತ್ತೈತಿ ಅದು. ಕುರಿ ಕಾಯವ್ರಿಗಿ ಅಂತ ನೇಯ್ದಿದ್ದೆ ಇದನ್ನ, ಮಳಿ ನೀರ ಇಳದ ಹೋಗಲಿ ಅಂತ ಹುಣಸಿ ಬೀಜದ ಗಂಜಿ ಘಟ್ಟಿ ಹಚ್ಚೇನಿ. ಮುದಿ ನಾಯಿ ಅದನ್ನ ತಿಂದ್ರ ಹೊಟ್ಟಿ ಕೆಡತೈತಿ. ನಾಯಿಗಿ ಅಂತ ಮೊದಲ ಹೇಳಿದ್ರ ಗಂಜಿ ತೊಳದ ಕೊಡತಿದ್ನಲ್ಲ?" ಆಮೇಲೆ ನನ್ನ ಮುಖ ನೋಡಿ, "ನೀವು ಕೇಳ್ಲಿಲ್ಲೇನ್ರಿ?" ಅಂದ.

ಕೇಳಿಲ್ಲ, ಕೇಳುವುದು ಬೇಡ ಅಂದವಳೂ ನಾನೇ ಎಂದು ಒಪ್ಪಿಕೊಂಡೆ.

ಅವನು ನನ್ನನ್ನು ಕೂಡ್ರಿಸಿಕೊಂಡು, ಮನೆಯ ಮಗಳಿಗೆ ಹೇಳುವ ಹಾಗೆ ಒಂದೊಂದಾಗಿ ಹೇಳಿದ. ಹಸುಗೂಸಿಗಾದರೆ ಮರಿಯ ಮೊದಲ ಕತ್ತರಿಯ ಉಣ್ಣೆ, ಗಂಜಿ ಇಲ್ಲವೇ ಇಲ್ಲ. ಮುದುಕರಿಗಾದರೆ ಸಡಿಲ ನೇಯ್ಗೆ, ತೂಕ ಕಡಿಮೆ, ಇಲ್ಲದಿದ್ದರೆ ಮಗ್ಗಲು ಬದಲಿಸಲಾಗುವುದಿಲ್ಲ. ಬಾಣಂತಿಗೆ ಉದ್ದ ಹೆಚ್ಚು, ಕೂಸನ್ನೂ ಒಳಗೆ ಎಳೆದುಕೊಳ್ಳಬೇಕಲ್ಲ. ಮದುವೆಗಾದರೆ ಗಂಟು ಬಾರದ ನೂಲು. ಕಂಬಳಿಯನ್ನು ಎರಡು ಪಟ್ಟಿಯಾಗಿ ನೇಯ್ದು ನಡುವೆ ಹೊಲಿಯುತ್ತಾರೆ. ಹಾಸಿಗೆ ಹಿಡಿದವರಿಗಾದರೆ ಆ ಹೊಲಿಗೆ ಮೈಗೆ ಒತ್ತದ ಹಾಗೆ ಒಂದು ಪಟ್ಟಿ ಅಗಲ ಮಾಡಬೇಕು. "ಯಾರಿಗಿ ಅಂತ ಗೊತ್ತಿಲ್ಲಂದ್ರ ನಾ ಏನ ನೇಯಲಿ?" ಅಂದ.

ನಾನು ಅದನ್ನು ಅಜ್ಜನ ಕಾಲದ ಆಚಾರ ಎಂದುಕೊಂಡಿದ್ದೆ. ದರ್ಜಿ ಮೈ ಅಳತೆ ತೆಗೆಯುವ ಹಾಗೆ ಅದು ಅವನ ಅಳತೆ ಪಟ್ಟಿ. ಅದನ್ನೇ ಕಿತ್ತೊಗೆದು, ಬರೀ ಅರಿವೆ ಮಾರಿ ಬೀಗಿದ್ದೆ. ಯಾರಿಗೆ ಎಂದು ಗೊತ್ತಾಗದ ಹಾಗೆ ನಾಲ್ಕು ಕಂಬಳಿ ಕಣ್ಮರೆ ಮಾಡಿದ ಮೇಲೆ ಆ ಮನುಷ್ಯ ಮಗ್ಗಕ್ಕೆ ಏಕೆ ಕೂತಾನು? ನಾಚಿಕೆಯಾಯಿತು, ಅವನ ಮೇಲೆ ಪ್ರೀತಿಯೂ ಬಂತು.

ಗಂಜಿ ಬಿಡಿಸಲು ಬೆಚ್ಚಗಿನ ನೀರಿನಲ್ಲಿ ಮೂರು ಸಲ ಅದ್ದಿ ನೆರಳಿಗೆ ಒಣಗಿಸಿ ಎಂದು ಮಾಳಪ್ಪ ಹೇಳಿದ್ದನ್ನು ಅಲ್ಲಿಂದಲೇ ಪುಣೆಗೆ ಬರೆದೆ. ಸಂಜೆಯೊಳಗೆ ಉದ್ದನೆಯ ಉತ್ತರ ಬಂತು. ನಾಯಿಗೆ ಹದಿಮೂರು ವರ್ಷ, ಕೀಲುನೋವು, ತಣ್ಣನೆ ಫರಸಿ ಕಲ್ಲಿನ ನೆಲದ ಮೇಲೆ ಕೂರಲಾರದು, ಮಗಳು ಹುಟ್ಟಿದ ವರ್ಷ ತಂದದ್ದು. ನನ್ನ ವೆಬ್‌ಸೈಟಿನಲ್ಲಿ ಎರಡು ನಿಮಿಷದಲ್ಲಿ ಕೊಳ್ಳುವ ಕೆಲಸ ಮುಗಿಸಿದ್ದ ಮನುಷ್ಯ ಈಗ ಒಂದು ಪುಟ ಬರೆದಿದ್ದರು. ರೇಣುಕಾ ಅದನ್ನು ಓದಿ ಹೇಳುವಾಗ ಮಾಳಪ್ಪ ಅಲ್ಲಲ್ಲಿ ತಡೆದು ನಾಯಿಯ ಸಮಾಚಾರ ಕೇಳಿದ. ಅವನು ಅಷ್ಟು ಮಾತಾಡಿದ್ದನ್ನು ಅತ್ತೆ ಹೋದ ಮೇಲೆ ಕೇಳಿರಲಿಲ್ಲ ಎಂದು ಅವಳು ಆಮೇಲೆ ಅಂದಳು.

ಸಂಕ್ರಾಂತಿಯ ಹೊತ್ತಿಗೆ ನಾನು ವೆಬ್‌ಸೈಟನ್ನು ಕೆಡವಿ ಕಟ್ಟಿದೆ. ಕೆಂಪು ಬಟನ್ನು ಹೋಯಿತು. ಮೊದಲ ಪುಟದಲ್ಲಿ ಒಂದೇ ಪ್ರಶ್ನೆ, ಕನ್ನಡ ಮತ್ತು ಮರಾಠಿಯಲ್ಲಿ: ಈ ಕಂಬಳಿ ಯಾರಿಗೆ? ಅದರ ಕೆಳಗೆ ದೊಡ್ಡದೊಂದು ಖಾಲಿ ಚೌಕ. ಕೂಸಿಗೆ, ಹಿರಿಯರಿಗೆ, ಮದುವೆಗೆ ಎಂದು ಪಟ್ಟಿ ಕೊಟ್ಟು ಆರಿಸಿಕೊಳ್ಳಿ ಎನ್ನಬಹುದಿತ್ತು. ಅದಕ್ಕೆ ಡ್ರಾಪ್‌ಡೌನ್ ಅನ್ನುತ್ತಾರೆ, ನಮಗೆ ಸುಲಭ. ಮಾಳಪ್ಪ ಬೇಡ ಅಂದ. ಮುದುಕರು ಎಲ್ಲರೂ ಒಂದೇನಾ ಎಂದು ಕೇಳಿದ. ಬರೆದದ್ದನ್ನು ನೇಕಾರರು ಕೇಳಿಸಿಕೊಂಡು ಉತ್ತರ ಕೊಡುತ್ತಾರೆ, ಅವರು ಆಗುತ್ತದೆ ಅಂದರೆ ಮಾತ್ರ ಕಂಬಳಿ ಎಂದು ಕೆಳಗೆ ಬರೆದೆವು.

ಮೊದಲ ಎರಡು ವಾರ ನಾನು ಹೆದರಿದ್ದೇ ಆಯಿತು. ಬಂದವರಲ್ಲಿ ಬಹುಪಾಲು ಜನ ಪ್ರಶ್ನೆ ನೋಡಿ ಹಿಂದಿರುಗಿದರು. ಆಮೇಲೆ ಒಂದೊಂದೇ ಉತ್ತರ ಬರತೊಡಗಿತು. ಲಾತೂರಿನಲ್ಲಿ ನಸುಕಿಗೆ ಎದ್ದು ಹಾಲು ಹಾಕುವ ಮಗನಿಗೆ. ಬೆಳಗಾವಿಯಿಂದ, ತವರಿಗೆ ಬರುವ ಬಾಣಂತಿ ಮಗಳಿಗೆ. ಒಬ್ಬ ಹೆಣ್ಣುಮಗಳು, ನನಗೇ ಬೇಕು, ಇಷ್ಟು ವರ್ಷ ಎಲ್ಲರಿಗೂ ಹೊದಿಸಿದೆ ಎಂದು ಬರೆದಿದ್ದಳು. ಬರೆಯುವವರು ನಿಂತು ಬರೆಯುತ್ತಿದ್ದರು, ಬರೆದದ್ದನ್ನು ಅಳಿಸಿ ಮತ್ತೆ ಬರೆಯುತ್ತಿದ್ದರು. ಒಂದೊಂದಕ್ಕೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಜನ ನಿಲ್ಲುವ ಪುಟವನ್ನು ನಾನು ಮಾಡಿದ್ದೇ ಇಲ್ಲ.

ಮುಂಜಾನೆ ಚಹಾದ ಹೊತ್ತಿಗೆ ರೇಣುಕಾ ಅವನ್ನು ಓದಿ ಹೇಳುತ್ತಿದ್ದಳು. ಮಾಳಪ್ಪ ಕೇಳುತ್ತಿದ್ದ, ಮರುಪ್ರಶ್ನೆ ಹಾಕುತ್ತಿದ್ದ, ಎಂಥ ಕಂಬಳಿ ಬೇಕೆಂದು ಹೇಳುತ್ತಿದ್ದ. ಕೊನೆಗೆ, "ಅಂಥಾದ್ದು ಮನ್ಯಾಗಿಲ್ಲ ಅಂತ ಬರಿ," ಅನ್ನುತ್ತಿದ್ದ. ಮಗ್ಗಕ್ಕೆ ಮಾತ್ರ ಕೂರಲೊಲ್ಲ. ಗಿರಾಕಿಗೆ ಇಲ್ಲ ಅನ್ನುವುದಕ್ಕೆಂದೇ ಒಂದು ವೆಬ್‌ಸೈಟ್ ನಡೆಯುತ್ತಿತ್ತು. ಹೊರಗಿನಿಂದ ನೂಲು ತರೋಣವೇ ಎಂದು ನಾನೊಮ್ಮೆ ಕೇಳಿದೆ. ರೇಣುಕಾ ಕಣ್ಣಲ್ಲೇ ನನ್ನನ್ನು ಸುಮ್ಮನಾಗಿಸಿದಳು.

ಶಿವರಾತ್ರಿಗೆ ಮುಂಚಿನ ಭಾನುವಾರ ನಾನು ಕುರನೂರಿನಲ್ಲಿದ್ದಾಗ ಒಂದು ಉತ್ತರ ಬಂತು, ಕನ್ನಡದಲ್ಲಿ. ರೇಣುಕಾಳಿಗೆ ಕನ್ನಡ ಓದುವುದು ತಡವರಿಸುತ್ತದೆ, ಹಾಗಾಗಿ ನಾನೇ ಓದಿದೆ. ಬರೆದವರು ಅಕ್ಕಲಕೋಟೆಯ ನಿವೃತ್ತ ಮಾಸ್ತರರೊಬ್ಬರು.

"ನನ್ನ ಹೆಂಡತಿಗೆ. ಸಲಗರ ಬುದ್ರುಕದ ಕುರಿ ಸಾಕುವ ಮನೆಯ ಮಗಳು. ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾಳೆ. ಯಾವ ರಜಾಯಿ ಹೊದಿಸಿದರೂ ಭಾರ ಅನ್ನುತ್ತಾಳೆ, ತೆಗೆದರೆ ಚಳಿ ಅನ್ನುತ್ತಾಳೆ. ದಿನವಿಡೀ ನಾನು ಹೊದಿಸುವುದು, ತೆಗೆಯುವುದು ಮಾಡುತ್ತಿರುತ್ತೇನೆ. ನನಗೆ ಬೇಸರವಿಲ್ಲ. ಅವಳಿಗೆ ನಿದ್ದೆ ಬೇಕು."

ಮಾಳಪ್ಪ, "ಯಾವ ಮಗ್ಗಲಾ ಮಲಗತಾರ, ಕೇಳ್ರಿ," ಅಂದ. ಕೇಳಿದೆ. ಎಡ ಮಗ್ಗಲು, ಕೈ ಗಲ್ಲದ ಕೆಳಗೆ ಎಂದು ಅರ್ಧ ಗಂಟೆಯಲ್ಲಿ ಉತ್ತರ ಬಂತು. "ಹಗೂರ ಇರಬೇಕು, ಬೆಚ್ಚಗೂ ಇರಬೇಕು," ಎಂದು ತನಗೆ ತಾನೇ ಅಂದುಕೊಂಡ. "ಅಂಥಾ ನೂಲ ತೆಗಿಯವ್ರು ಭಾಳ ಮಂದಿ ಇಲ್ಲ." ಇಲ್ಲ ಎಂದು ಬರಿ ಅಂತ ಮಾತ್ರ ಅವತ್ತು ಹೇಳಲಿಲ್ಲ.

ಮರುದಿನ ಬೆಳಗ್ಗೆ ನನ್ನ ಫೋನು ಬಡಿಯಿತು. ಎತ್ತಿದರೆ ರೇಣುಕಾ ಫೋನನ್ನು ಯಾವುದರದೋ ಹತ್ತಿರ ಹಿಡಿದಿದ್ದಳು. ಮರಕ್ಕೆ ಮರ ತಾಕುವ ಸದ್ದು, ಒಂದು ಬಿಡುವು, ಮತ್ತೆ ಸದ್ದು, ಮಗ್ಗದ್ದು. ನಾನು ಆಫೀಸಿನ ಮೆಟ್ಟಿಲ ಮೇಲೆ ಬೀಗದ ಕೈ ಹಿಡಿದುಕೊಂಡು ಕೂತು ಅತ್ತುಬಿಟ್ಟೆ. ಕೆಳಗಿನ ಔಷಧಿ ಅಂಗಡಿಯವನು ಗಾಬರಿಯಾಗಿ ನೀರು ತಂದುಕೊಟ್ಟ.

ಭಾಗವ್ವನ ನೂಲಿನ ಆ ಮೊದಲ ಕಂಬಳಿ ತಲುಪಿದ ಮೇಲೆ ಮಾಸ್ತರರಿಂದ ಒಂದೇ ಪದದ ಸಂದೇಶ ಬಂತು: "ಮಲಗಿದ್ದಾಳೆ." ಅದನ್ನು ಮಾಳಪ್ಪ ಮೂರು ಸಲ ಓದಿಸಿಕೊಂಡನಂತೆ.

ಅಲ್ಲಿಂದ ಮುಂದಿನ ನವರಾತ್ರಿಯವರೆಗೆ ಅವನು ನೇಯ್ದ ಕಂಬಳಿಗಳು ಹನ್ನೊಂದು, ಒಂದೊಂದೂ ಒಬ್ಬೊಬ್ಬರ ಹೆಸರಿಗೆ. ರೇಣುಕಾ ಈ ನಡುವೆ ನೂಲಲು ಕಲಿಯುತ್ತಿದ್ದಳು. ಅವಳ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಇದರಿಂದ ಎಮ್ಮೆ ಕಟ್ಟಬಹುದು ಎಂದು ಮಾವ ಚೇಷ್ಟೆ ಮಾಡುತ್ತಿದ್ದ. ಆದರೆ ಅತ್ತೆಯ ಎರಡು ಚೀಲದಲ್ಲಿ ಒಂದು ಕಂಬಳಿಗೂ ಸಾಲುವುದೋ ಇಲ್ಲವೋ ಅನ್ನುವಷ್ಟು ಉಳಿದಾಗ ಮಾಳಪ್ಪ ಚೀಲದ ಬಾಯಿ ಕಟ್ಟಿ ಅಟ್ಟಕ್ಕೇರಿಸಿದ. ಸಾಕು ಅಂದ. ಯಾರ ಉತ್ತರ ಓದಿದರೂ ಹೂಂ ಅನ್ನುತ್ತಿದ್ದ. ಮತ್ತೆ ಗೋಡೆ ಸೇರಿದ. ಸೊಸೆಯ ನೂಲನ್ನು ಮುಟ್ಟಲಿಲ್ಲ. ಆ ಕೊನೆಯ ನೂಲಿನ ಜೊತೆ ಭಾಗವ್ವ ಪೂರ್ತಿ ಹೋಗಿಬಿಡುತ್ತಾಳೆ ಎಂದು ಅವನಿಗೆ ಹೆದರಿಕೆಯಿತ್ತು ಎಂದು ನನಗೆ ಅನಿಸುತ್ತದೆ.

ಕಾರ್ತಿಕದಲ್ಲಿ ಒಂದು ದಿನ ಆಫೀಸಿನಲ್ಲಿ ಕೂತು ಬಂದ ಉತ್ತರಗಳನ್ನು ನೋಡುತ್ತಿದ್ದೆ. ಒಂದರ ಕೆಳಗೆ ರೇಣುಕಾಳದೇ ಹೆಸರು, ಕುರನೂರಿನದೇ ವಿಳಾಸ. ಏನೋ ಪರೀಕ್ಷೆ ಮಾಡಿ ನೋಡಿದ್ದಾಳೆ ಎಂದು ಅಳಿಸಲು ಹೋದವಳು, ಓದಿ ಕೈ ಹಿಂದೆಗೆದೆ. ಫೋನು ಮಾಡಿದರೆ, "ಖರೇನ ಬರದೀನಿ ರೀ ಅಕ್ಕಾ," ಅಂದಳು. "ಮನಿಯವ್ರು ಕೇಳಿದ್ರ ಮಾವ ಏನೂ ಇಲ್ಲ ಅಂತಾರ. ಗಿರಾಕಿ ಮಾತ ಆದ್ರ ಕೇಳ್ತಾರ. ನಾ ಓದಿದ್ರ ಅಳು ಬರತೈತಿ. ನೀವ ಬಂದು ಓದ್ರಿ."

ಮರುದಿನ ಹೋದೆ. ಮಾಳಪ್ಪ ಗೋಡೆಗೆ ಒರಗಿ ಕೂತಿದ್ದ. ರೇಣುಕಾ ಒಲೆಯ ಮುಂದೆ ನಮಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಅವಳು ಮರಾಠಿಯಲ್ಲಿ ಬರೆದದ್ದನ್ನು ನಾನು ಕನ್ನಡ ಮಾಡಿ ಓದಿದೆ.

"ಒಬ್ಬ ಹಿರಿಯರಿಗೆ. ವಯಸ್ಸು ಎಪ್ಪತ್ತರ ಹತ್ತಿರ. ಅವರ ಹೆಂಡತಿ ಹೋದಾಗ ತಾವು ಹೊದೆಯುತ್ತಿದ್ದ ಕಂಬಳಿಯನ್ನೇ ಆಕೆಗೆ ಹೊದಿಸಿ ಮಣ್ಣಿಗೆ ಕೊಟ್ಟರು. ಅವತ್ತಿನಿಂದ ತೆಳ್ಳನೆಯ ಚಾದರ ಹೊದ್ದು ಮಲಗುತ್ತಾರೆ. ಒಂದು ಚಳಿಗಾಲ ಹಾಗೇ ಕಳೆದರು, ಈಗ ಎರಡನೆಯದು ಬಂತು. ನಸುಕಿನಲ್ಲಿ ನಾನು ಎದ್ದಾಗ ಮೊಣಕಾಲು ಎದೆಗೆ ಹಚ್ಚಿಕೊಂಡು ಬಲ ಮಗ್ಗಲಿಗೆ ಮಲಗಿರುತ್ತಾರೆ. ಊರಿಗೆಲ್ಲ ಹೊದಿಸಿದರು. ತಮಗೆ ಚಳಿ ಆಗುತ್ತದೆ ಎಂದು ಯಾರಿಗೂ ಹೇಳುವುದಿಲ್ಲ."

ಎರಡನೆಯ ಮಾತಿಗೇ ಮಾಳಪ್ಪನಿಗೆ ತಿಳಿದಿತ್ತು. ನಾನು ಓದಿ ಮುಗಿಸಿದೆ. ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಅವನು ತನ್ನ ದೊಡ್ಡ ಕೈಗಳನ್ನೇ ನೋಡಿಕೊಳ್ಳುತ್ತ ಕೂತಿದ್ದ, ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒಲೆಯ ಕಡೆ ತಿರುಗಿಯೂ ನೋಡಲಿಲ್ಲ.

"ಬರದಾಕಿಗಿ ಬರೀರಿ ತಂಗಿ," ಅಂದ. "ಆಗತೈತಿ ಅಂತ ಬರೀರಿ. ಎಂಟ ದಿನ ಹಿಡಿತೈತಿ." ಅಟ್ಟದ ಕಡೆ ನೋಡಿದ. "ಭಾಗವ್ವನ ನೂಲ ಕಡಿಮಿ ಬೀಳತೈತಿ. ಉಳದದ್ದಕ್ಕ ಬರದಾಕಿ ನೂತದ್ದ ಹಾಕ್ತೀನಿ. ದಪ್ಪ ಆದ್ರೂ ನಡೀತೈತಿ ಅಂತ ಬರೀರಿ."

ನಾನು ಅಲ್ಲೇ ಕೂತು ಅಷ್ಟನ್ನೂ 'ಬರದಾಕಿಗಿ' ಬರೆದು ಕಳಿಸಿದೆ. ನಾಲ್ಕು ಹೆಜ್ಜೆ ಆಚೆ ರೇಣುಕಾಳ ಮೊಬೈಲು ಸದ್ದು ಮಾಡಿತು. ಹಿಟ್ಟಿನ ಕೈಯಲ್ಲೇ ಎತ್ತಿ ಓದಿದಳು. ಮಾಳಪ್ಪ ಎದ್ದು ಅಟ್ಟದ ಏಣಿ ಹತ್ತಿದ.

ಇಷ್ಟು ವರ್ಷ ನಾನು ಜನರ ಬೆರಳನ್ನು ಹೇಗೆ ನಿಲ್ಲಿಸುವುದು ಎಂದು ತಲೆ ಕೆಡಿಸಿಕೊಂಡೆ: ಯಾವ ಬಣ್ಣ, ಎಷ್ಟು ದೊಡ್ಡ ಬಟನ್ನು, ಯಾವ ಫೋಟೋ. ಅವೆಲ್ಲ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಮನೆಯಲ್ಲೇ ಆಡಲಾಗದ ಮಾತನ್ನು ಜನ ಖಾಲಿ ಚೌಕವೊಂದರಲ್ಲಿ ಬರೆಯುವುದನ್ನು ನಾನು ಕಂಡಿದ್ದೇನೆ. ಆಚೆ ಬದಿಯಲ್ಲಿ ಅದನ್ನು ಓದಿ, ಅದರಂತೆ ಕೈಕೆಲಸ ಮಾಡುವವರು ಒಬ್ಬರಿದ್ದಾರೆ ಎಂದು ನಂಬಿಕೆ ಬಂದರೆ ಸಾಕು. ಈಗ ಯಾರೇ ಬಂದು ವೆಬ್‌ಸೈಟ್ ಬೇಕು ಅಂದರೂ, ಬಂದ ಮಾತನ್ನು ನಿಮ್ಮಲ್ಲಿ ಓದುವವರು ಯಾರು ಎಂದು ಮೊದಲು ಕೇಳುತ್ತೇನೆ. ಅದಕ್ಕೆ ಉತ್ತರ ಸಿಕ್ಕ ಮೇಲೆಯೇ ಕಂಪ್ಯೂಟರಿಗೆ ಕೈ ಹಚ್ಚುತ್ತೇನೆ.